ಸೋದರಮಾವನೇ ಕಳ್ಳನಾದ ಕಥೆ

ಅಥವಾ ಅಂಥ ಕಥೆ ಆ ಪುಸ್ತಕದಲ್ಲಿ ಇರಲೇ ಇಲ್ಲವೋ ಏನೋ. ಮದುಮಗನ ಸೋದರಮಾವನೇ ಕಳ್ಳ ಎಂದು ಕೊನೆಗೆ ಬಯಲಾಗುವ ಕಥೆಯೊಂದನ್ನು ಓದಿದ ನೆನಪು. ಆದರೆ ನನ್ನ ನೆನಪನ್ನು ನಾನೇ ನಂಬುವುದಿಲ್ಲ. ಕಾರಣ, ಕರೆಂಟು.

ಬನಹಟ್ಟಿಯಲ್ಲಿ ನನ್ನವು ನಾಲ್ಕು ಪವರ್‌ಲೂಮ್ ಮಗ್ಗಗಳಿವೆ. ಕರೆಂಟು ಹೋದಾಗ ಅವು ನಿಲ್ಲುತ್ತವೆ, ನಾನು ಪುಸ್ತಕ ತೆಗೆಯುತ್ತೇನೆ. ಈ ಬಾಳಿಗೆ ಕಾದಂಬರಿ ಒಗ್ಗುವುದಿಲ್ಲ. ಮುಂದಿನ ಸಲ ಕರೆಂಟು ಹೋಗುವಷ್ಟರಲ್ಲಿ ಸತ್ತವನು ಯಾರೆಂಬುದೇ ಮರೆತಿರುತ್ತದೆ. ಪುಟ್ಟ ಪತ್ತೇದಾರಿ ಕಥೆಗಳ ಸಂಕಲನ ಹಾಗಲ್ಲ. ಚಹಾ ಆರುವುದರೊಳಗೆ ಕೊಲೆ, ಪುಟ ತಿರುವಿದರೆ ಪೊಲೀಸರು. ಒಂದು ಮುಗಿದರೆ ‘ಇನ್ನೊಂದೇ ಒಂದು’ ಎನಿಸುತ್ತದೆ. ತೊಂದರೆಯೆಂದರೆ, ಕಳ್ಳನ ಹೆಸರು ಹೊರಬೀಳುವ ಹೊತ್ತಿಗೇ ಕರೆಂಟು ಬರುತ್ತದೆ! ಎದ್ದು ಓಡುತ್ತೇನೆ. ಕಳ್ಳನನ್ನು ನಾನೇ ಊಹಿಸಿಕೊಳ್ಳುತ್ತೇನೆ. ಆಮೇಲೆ ಲೇಖಕನ ಕಳ್ಳ ಯಾರು, ನನ್ನ ಕಳ್ಳ ಯಾರು ಎಂದು ನನಗೇ ತಿಳಿಯುವುದಿಲ್ಲ.

ಇಷ್ಟೊಂದು ವಿದ್ವತ್ತು ಇರುವವನು ಮನೆಯಲ್ಲೇ ಸೀರೆ ಕಾಣೆಯಾದರೆ ಸುಮ್ಮನಿರುತ್ತಾನೆಯೇ?

ಅದು ನನ್ನ ಹೆಂಡತಿಯ ತಂಗಿ ಗೌರಿಯ ನಿಶ್ಚಯದ ಸೀರೆ. ಹಿಂದೆ ಕೂಡಿದ್ದ ಸಂಬಂಧಗಳು ತಪ್ಪಿಹೋಗಿ, ಈ ಸಲ ಗೌರಿ ನಗುತ್ತಾ ಹೂಂ ಎಂದಿದ್ದಳು. ಹುಡುಗನ ಸೋದರಮಾವ ಮಲ್ಲಪ್ಪನವರು ಜಮಖಂಡಿಯಿಂದ ಬಂದು ಸೀರೆ ಕೊಟ್ಟುಹೋಗಿದ್ದರು. ಮರುದಿನ ಬೆಳಿಗ್ಗೆ ನೋಡಿದರೆ ಕಪಾಟಿನಲ್ಲಿ ಇಲ್ಲ!

ಯಾರ ಮೇಲೆ ಅನುಮಾನವೇ ಬರುವುದಿಲ್ಲವೋ ಅವನೇ ಕಳ್ಳ. ಇದು ಸಂಕಲನಗಳ ಕಾನೂನು. ಮಗ್ಗದ ಮನೆಗೆ ಓಡಿದೆ. ಅಲ್ಲಿ ಮಗ್ಗಗಳ ಸದ್ದಿನಲ್ಲಿ ಗಂಟಲು ಹರಿಯುವಂತೆ ಕೂಗಿದರೂ ಪಕ್ಕದಲ್ಲಿ ನಿಂತವರಿಗಷ್ಟೇ ಕೇಳುತ್ತದೆ. ಗುಟ್ಟು ಹೇಳಲು ಅದಕ್ಕಿಂತ ಸುರಕ್ಷಿತ ಜಾಗ ನಮ್ಮೂರಲ್ಲಿಲ್ಲ.

“ಸುವರ್ಣಾ! ಸೀರಿ ಕಳುವಾಗೇತಿ!”

ಹೆಂಡತಿ ಕೈಯಾಡಿಸಿ ಏನೋ ಹೇಳಿದಳು. ಕೇಳಿಸಲಿಲ್ಲ. ಕೇಳುವ ವ್ಯವಧಾನವೂ ಇರಲಿಲ್ಲ.

“ಕೊಟ್ಟಾವನ ಮ್ಯಾಲೆ ಯಾರೂ ಸಂಶೆ ಪಡೂದಿಲ್ಲಲೇ! ತಾನ ಕೊಟ್ಟು ತಾನ ಒಯ್ದಾನ! ಆ ಹುಡುಗನ ಸೋದರಮಾವನೇ ಕಳ್ಳ!”

ಕರೆಂಟು ಹೋಯಿತು.

ನಾಲ್ಕೂ ಮಗ್ಗ ಒಮ್ಮೆಲೇ ನಿಂತವು. ನನ್ನ ಕೊನೆಯ ಮಾತು ಓಣಿಯ ತುದಿಯವರೆಗೂ ಹೋಯಿತು. ಬಾಗಿಲಲ್ಲಿ ಮಲ್ಲಪ್ಪನವರು. ಕೈಯಲ್ಲಿ ನಿನ್ನೆ ಕೊಡಲು ಮರೆತಿದ್ದ ಪೇಢೆಯ ಪೊಟ್ಟಣ.

“ಯಾರ್ರಿ ಬೀಗರ, ಕಳ್ಳ?”

ಸುವರ್ಣಾ ಮುಂದೆ ಬಂದಳು. “ಕಥಿ ರೀ ಅದು! ಕರೆಂಟ್ ಹೋದ್ರ ಇವರಿಗೆ ಪತ್ತೇದಾರಿ ಕಥಿ ಓದೂ ಚಟ.”

“ಕರೆಂಟ್ ಈಗ ಹೋತಲ್ಲ, ತಂಗಿ?”

“ನಿನ್ನೆ ಓದಿದ್ದುರಿ.”

ಅವರು ಕಿಟಕಿಯಲ್ಲಿದ್ದ ಪುಸ್ತಕ ಎತ್ತಿಕೊಂಡರು. “ಎಷ್ಟನೇ ಕಥಿ?”

“ನೆನಪಿಲ್ಲರಿ,” ಎಂದೆ.

“ಇರ್ಲಿ ಬಿಡ್ರಿ, ಎಲ್ಲಾ ಓದತೇನಿ. ನನಗೂ ಅದ ಚಟ ಐತಿ.”

ಪುಸ್ತಕ ಜಮಖಂಡಿಗೆ ಹೋಯಿತು. ಸುವರ್ಣಾ ತಣ್ಣಗೆ ಹೇಳಿದಳು: “ಸೀರಿ ಫಾಲ್ ಹಚ್ಚಾಕ ಕೊಟ್ಟೇನಿ. ಅದನ್ನ ಹೇಳಾಕತ್ತಿದ್ದೆ. ಗೌರಿ ಮದಿವಿ ಮುರೀತಂದ್ರ ನೀವು ಈ ಮಗ್ಗದ ಕೂಡನ ಸಂಸಾರ ಮಾಡ್ರಿ.”

ಕಾದಂಬರಿಯಾಗಿದ್ದರೆ ಮಲ್ಲಪ್ಪನವರು ಅರ್ಧಕ್ಕೇ ಬಿಟ್ಟುಬಿಡುತ್ತಿದ್ದರು. ಸಂಕಲನವನ್ನು ಯಾರು ಬಿಡುತ್ತಾರೆ? ಸಂಜೆಯೇ ಫೋನು ಬಂತು.

“ಬೀಗರ, ಮೂರು ಮುಗದ್ವು. ನಿಮ್ಮ ಸೋದರಮಾವ ಇನ್ನಾ ಬಂದಿಲ್ಲ.”

ಮರುದಿನ ಮತ್ತೆ: “ಹಾಲಿನಾವ ಕಳ್ಳ ಆದ, ವಕೀಲ ಆದ. ಸೋದರಮಾವ ಇಲ್ಲಲ್ರಿ?”

ಫೋನು ಗುಣುಗುಟ್ಟಿದರೆ ಸಾಕು, ಸುವರ್ಣಾ ಅದನ್ನು ತಂದು ನನ್ನ ಕೈಗೆ ತುರುಕುತ್ತಿದ್ದಳು. ಗೌರಿ ಊಟ ಬಿಟ್ಟಳು. ನಿಶ್ಚಯದ ಹಿಂದಿನ ದಿನ ಮೆಲ್ಲಗೆ ಕೇಳಿದಳು:

“ಮಾಮಾ, ಇನ್ನ ಎಷ್ಟ ಕಥಿ ಉಳದಾವು?”

“ಒಂದ.”

ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮರುದಿನ ಗಾಡಿಯಿಂದ ಮಲ್ಲಪ್ಪನವರು ಇಳಿದರು, ಕಂಕುಳಲ್ಲಿ ಅದೇ ಪುಸ್ತಕ. ಫಾಲ್ ಹಚ್ಚಿದ ಸೀರೆಯುಟ್ಟು ನಿಂತಿದ್ದ ಗೌರಿಯನ್ನು ನೋಡಿದರು. ನನ್ನನ್ನು ನೋಡಿದರು.

“ಸಿಕ್ಕ ನೋಡ್ರಿ ನಿಮ್ಮ ಸೋದರಮಾವ. ಕೊನೇ ಕಥಿಯೊಳಗ.”

“ಹೌದೇನ್ರಿ?”

“ಪಾಪ, ಛಲೋ ಮನಷ್ಯಾ. ಅವ ಏನೂ ಕದ್ದಿರಲಿಲ್ಲ. ಮಂದಿ ಸುಳ್ಳ ಸಂಶೆ ಪಟ್ಟಿದ್ರು.”

ಪುಸ್ತಕ ನನ್ನ ಕೈಗಿಟ್ಟು, ಪೇಟ ಸರಿಮಾಡಿಕೊಂಡು ಒಳಗೆ ನಡೆದರು. ನಿಶ್ಚಯ ಮುಗಿಯಿತು. ಗೌರಿ ಹೋಳಿಗೆ ತಿಂದಳು.

ಪುಸ್ತಕ ಈಗಲೂ ಕಿಟಕಿಯಲ್ಲಿದೆ. ಕರೆಂಟು ಹೋಗುತ್ತದೆ, ಬರುತ್ತದೆ. ಕೊನೆಯ ಕಥೆಯನ್ನು ತೆರೆಯಲು ಈ ಮಹಾ ಪತ್ತೇದಾರನಿಗೆ ಧೈರ್ಯವಿಲ್ಲ. ಆ ಸೋದರಮಾವ ಪುಸ್ತಕದಲ್ಲಿದ್ದಾನೋ, ಮಲ್ಲಪ್ಪನವರೇ ಕಟ್ಟಿ ಹೇಳಿದರೋ, ನನಗೆ ಗೊತ್ತಿಲ್ಲ.