ವಾದಿರಾಜನ ಒಂದು ಗುಟುಕು ನೀರು

"ಹತ್ತು ಗಂಟಿ ತನಕ ಬರೇ ನೀರು ಕುಡೀಬಹುದ್ರಿ" ಎಂದು ನರ್ಸ್ ಪೂಜಾ ಹೇಳಿ ಹೋದದ್ದೇ ತಡ, ಮನೋರಮಾ ಗಂಡನ ಕೈಯಿಂದ ತಂಬಿಗೆ ಕಿತ್ತುಕೊಂಡಳು.

"ಆ ಹುಡುಗಿಗೆ ಏನ್ ಗೊತ್ತದ? ನಮ್ಮ ಮಾವನೋರು ಆಪರೇಷನ್ನಿನ ಹಿಂದಿನ ಸಂಜಿಯಿಂದ ನಾಲಿಗಿ ಸುದ್ದಾ ತೋಯಿಸಿರಲಿಲ್ಲ!"

ಕಾಲೇಜು ಗ್ರಂಥಪಾಲಕ ವಾದಿರಾಜನ ನಾಲಿಗೆ ಮಾಳಿಗೆ ಮೇಲೆ ಒಣಹಾಕಿದ ಹಪ್ಪಳದಂತಾಗಿತ್ತು. ಮಧ್ಯಾಹ್ನ ಹರ್ನಿಯಾ ಆಪರೇಷನ್. ಮಂಗಳವಾರವೇ ಆಗಬೇಕೆಂದು ಶಿಗ್ಗಾಂವದ ಆ ಸಣ್ಣ ಆಸ್ಪತ್ರೆಯಲ್ಲಿ ಹಟ ಹಿಡಿದವನು ಅವನೇ. ಯಾಕೆಂದು ಹೆಂಡತಿಗೂ ಹೇಳಿರಲಿಲ್ಲ.

"ತಡಕೋರಿ ಸಾಹೇಬ್ರ, ನಾವು ರಂಜಾನ್ ರೋಜಾದಾಗ ಹನಿ ನೀರು ಮುಟ್ಟಂಗಿಲ್ಲ" ಎಂದು ಪಕ್ಕದ ಮಂಚದ ಚಾಂದಬಿ ಧೈರ್ಯ ಹೇಳುತ್ತಲೇ, ಕಾಲು ಮುರಿದ ತನ್ನ ಗಂಡನಿಗೆ ಗಳಗಳನೆ ಎಳನೀರು ಬಗ್ಗಿಸಿದಳು. ವಾದಿರಾಜ ಎದ್ದು ಬಚ್ಚಲಿಗೆ ಓಡಿದ.

"ನಳದ ಸಪ್ಪಳ ಕೇಳ್ಸಾಕತ್ತದ!" ಬಾಗಿಲಾಚೆ ಮನೋರಮಾ.

"ಕೈ ತೊಳ್ಕೊಳ್ಳಾಕತ್ತೇನಿ!"

"ಎಷ್ಟು ಕೈ ಅವ ನಿಮಗ? ಹೊರಗ ಬರ್ರಿ!"

ಅವಳು ಔಷಧಿ ತರಲು ಹೋದದ್ದೇ, ವಾದಿರಾಜ ಹಸಿರು ಗೌನಿನ ಹಿಂದಿನ ಲಾಡಿಯನ್ನು ಒಂದು ಕೈಯಲ್ಲಿ ಹಿಡಿದು ಗೇಟಿನಾಚೆಯ ಚಹಾದಂಗಡಿ ಸೇರಿದ. "ಒಂದು ಲೋಟ ನೀರು..."

"ಬರೇ ನೀರ್ ಯಾಕ್ರಿ? ಮಾರಿ ಎಷ್ಟ್ ಬಾಡೇತಿ ನೋಡ್ರಿ!" ಎಂದು ಅಂಗಡಿಯ ಮಹಮ್ಮದಗೌಸ ಹಾಲು ಹಾಕಿದ ಕಡಕ್ ಚಹಾ ಕೈಗಿಟ್ಟ. ವಾದಿರಾಜನ ಬುದ್ಧಿ ಬೇಡವೆನ್ನುವುದರೊಳಗೆ ಬಾಯಿ ಲೋಟ ಖಾಲಿ ಮಾಡಿತ್ತು.

ಹುಡುಕಿಕೊಂಡು ಬಂದ ಪೂಜಾ ಹಣೆ ಬಡಿದುಕೊಂಡಳು. "ನೀರಾಗಿದ್ರ ನಡೀತಿತ್ರಿ! ಹಾಲಿನ ಚಾ ಹೊಟ್ಟ್ಯಾಗ ಇದ್ರ ಅರವಳಿಕಿ ಕೊಡಾಕ ಬರಂಗಿಲ್ಲ. ಇನ್ನ ಆಪರೇಷನ್ ನಾಳೀಗೆ!"

ಡಾಕ್ಟರು ಬಂದವರೇ ಮನೋರಮಾಳನ್ನು ಗದರಿದರು. "ಒಣಗಿಸಿಟ್ರ ಪೇಷಂಟಿಗೆ ಸುಸ್ತು ಜಾಸ್ತಿರಿ. ನಾಳೆ ಹತ್ತರ ತನಕ ನೀವ ನಿಮ್ಮ ಕೈಲೆ ನೀರು ಕುಡಸ್ರಿ."

"ಆತ್ರಿ" ಎಂದು ಅವಳು ತಲೆ ತಗ್ಗಿಸಿದಳು. ವಾದಿರಾಜ ದಿಂಬಿಗೊರಗಿ ಮಹಾರಾಜನಂತೆ ಕಾಲು ಚಾಚಿದ. "ಕೇಳಿದ್ಯಲ್ಲಾ?"

"ಕೇಳ್ದೆ. ಅಯ್ಯ, ನಾಳೆ ಬುಧವಾರ! ಏಕಾದಶಿ!"

ವಾದಿರಾಜನ ಕಾಲುಗಳು ತಾವಾಗಿ ಮಡಚಿಕೊಂಡವು. ಮಂಗಳವಾರವೇ ಹೊಟ್ಟೆ ಕೊಯ್ಯಿಸಿಕೊಂಡರೆ ಬುಧವಾರ ಯಾರೂ ತನ್ನಿಂದ ಏಕಾದಶಿ ಉಪವಾಸ ಮಾಡಿಸಲಾರರೆಂದು ಅವನು ತಿಂಗಳ ಹಿಂದೆಯೇ ಪಂಚಾಂಗ ನೋಡಿ ದಿನ ಹಿಡಿದಿದ್ದ.

"ಆದ್ರ... ಡಾಕ್ಟ್ರು ಕುಡಸು ಅಂದಾರ" ಎಂದು ಗೊಣಗಿದ.

"ಕುಡಸ್ತೇನಲ್ಲ, ತೀರ್ಥ! ಏಕಾದಶಿಗೆ ಒಂದ ಉದ್ಧರಣೆ, ಸಣ್ಣ ಚಮಚದಷ್ಟ."

ವಾದಿರಾಜ ದಿಂಬು ಬಿಟ್ಟು ಎದ್ದು ಕೂತ. ಆಮೇಲೆ ಅವನ ಮುಖ ಮೆಲ್ಲಗೆ ಅರಳಿತು.

"ಹಂಗಾದ್ರ ಮನ್ಯಾಗ ಗಡಿಗಿಯೊಳಗಿನ ಸಾರು ಬಡಸೋ ದೊಡ್ಡ ಸೌಟು ಅದ ಅಲ್ಲಾ, ಅದನ್ನ ಮಡಿ ಮಾಡಿ ತರ್ಸು. ನಾಳೆ ಅದ ನನ್ನ ಉದ್ಧರಣೆ!"