ಬುರುಡೆಗೊಂದು ಬೊಟ್ಟು

ಕೆಲವು ಆಸೆಗಳನ್ನು ವಯಸ್ಸಾದವರು ಬಾಯಿಬಿಟ್ಟು ಹೇಳುವಂತಿಲ್ಲ. ಕಾಶಿ ನೋಡಬೇಕು ಅಂದರೆ ಎಲ್ಲರೂ ತಲೆದೂಗುತ್ತಾರೆ. ನನ್ನ ಆಸೆಯೇ ಬೇರೆ. ನಾನು ಬರೆದ ಬುರುಡೆಯನ್ನು ಸ್ಟೇಜಿನ ಮೇಲೆ, ಮಗಳ ಬೆನ್ನ ಹಿಂದೆ, ಒಮ್ಮೆ ನೋಡಬೇಕಿತ್ತು. ಮೊಮ್ಮಗಳು ಈಗಷ್ಟೇ ಫೋನಿನಲ್ಲಿ ಟೈಪ್ ಮಾಡುವುದನ್ನು ಕಲಿಸಿದ್ದಾಳೆ, ಆದ್ದರಿಂದ ಈ ಧೈರ್ಯ.

ಎಂಬತ್ತರ ದಶಕದ ಕೊನೆ. ಕುರ್ಲಾದಲ್ಲಿ ನಮ್ಮದು ಎರಡು ಕೋಣೆಯ ಮನೆ. ಮಗಳು ಶಾಲಿನಿ ಕಾಲೇಜು ಸೇರಿದ್ದೇ ತಡ, ಗ್ರಾಂಟ್ ರೋಡಿನಿಂದ ಒಂದು ಕ್ಯಾಸೆಟ್ ತಂದಳು. ಥ್ರಾಶ್ ಮೆಟಲ್ ಅಂತ ಒಂದು ಥರದ ರಾಕ್ ಸಂಗೀತವಂತೆ. ಮೊದಲ ಅರ್ಧ ನಿಮಿಷ ಬರೀ ಗಿಟಾರ್. ಎಷ್ಟು ಮೃದು ಅಂದರೆ ನಾನು ಸೌಟು ಹಿಡಿದುಕೊಂಡೇ ಬಂದು ಬಾಗಿಲಲ್ಲಿ ನಿಂತೆ. ಆಮೇಲೆ ಮಿಕ್ಸಿಗೆ ಒಂದು ಹಿಡಿ ಮೊಳೆ ಹಾಕಿ ತಿರುಗಿಸಿದ ಹಾಗೆ. ಹಾಡುವವನಿಗೆ ಯಾರ ಮೇಲೆ ಅಷ್ಟು ಕೋಪವೋ, ಪಾಪ, ಊಟ ಆಗಿತ್ತೋ ಇಲ್ಲವೋ. "ಆ ಗಲಾಟೆ ನಿಲ್ಲಿಸೇ!" ಎಂದು ದಿನಕ್ಕೆ ಹತ್ತು ಸಲ ಕೂಗುತ್ತಿದ್ದೆ. ಆದರೆ ಆ ಅರ್ಧ ನಿಮಿಷ ಮುಗಿಯುವ ತನಕ ಕೂಗುತ್ತಿರಲಿಲ್ಲ.

ಕ್ಯಾಸೆಟ್ಟಿನ ಮೇಲೊಂದು ಚಿತ್ರ. ಕಬ್ಬಿಣದ ಟೋಪಿ ಹಾಕಿದ ಬುರುಡೆ, ಹಿಂದೆ ಉರಿಯುವ ಊರು. ಪವಾಯಿಯ ಇಂಜಿನಿಯರಿಂಗ್ ಕಾಲೇಜಿನ ಉತ್ಸವದಲ್ಲಿ ಶಾಲಿನಿ ಗೆಳತಿಯ ಗಿಟಾರ್ ಹಿಡಿದು ಬ್ಯಾಂಡಿನಲ್ಲಿ ನುಡಿಸುವವಳಿದ್ದಳು. ಹಿಂದೆ ತೂಗುಹಾಕಲು ಅದೇ ಬುರುಡೆ ದೊಡ್ಡದಾಗಿ ಬೇಕಿತ್ತು. ಅವಳು ಬರೆದದ್ದು ಕುಂಬಳಕಾಯಿಯಾಯಿತು.

"ಚುಕ್ಕಿ ಇಡು, ತಾನಾಗೇ ಬರತ್ತೆ," ಅಂದೆ.

"ಅಮ್ಮಾ, ಇದು ರಂಗೋಲಿ ಅಲ್ಲ."

"ಬುರುಡೆಗೂ ಎರಡೂ ಕಡೆ ಒಂದೇ ಥರ ಇರತ್ತಲ್ವೇನೇ? ಹದಿನೈದು ಚುಕ್ಕಿ ಸಾಕು. ಆ ಹಳೇ ಬೆಡ್‌ಶೀಟ್ ತಾ."

ಎರಡು ಮಧ್ಯಾಹ್ನ ನೆಲದ ಮೇಲೆ ಕೂತು ಬರೆದೆ. ಹಲ್ಲು ಎರಡು ಹೆಚ್ಚಾದವು. ಕಣ್ಣಿನ ಗುಳಿ ಮಾತ್ರ ನನಗೇ ಹೆದರಿಕೆಯಾಗುವಷ್ಟು ಚೆನ್ನಾಗಿ ಬಂತು. ಆಫೀಸಿನಿಂದ ಬಂದ ನಮ್ಮವರು ನೋಡಿ, "ಇದರ ಮೇಲೆ ಮಲಗೋದು ಯಾರು?" ಅಂದರು. ಮುಗಿಸಿದ ರಂಗೋಲಿಯನ್ನು ಬೋಳಾಗಿ ಬಿಟ್ಟು ನನಗೆ ಅಭ್ಯಾಸವಿಲ್ಲ. ಕೈ ತಾನಾಗಿಯೇ ಹೋಗಿ ಬುರುಡೆಯ ಹಣೆಗೊಂದು ಕುಂಕುಮದ ಬೊಟ್ಟು ಇಟ್ಟಿತು.

"ಅಯ್ಯೋ ಅಮ್ಮಾ! ಇದನ್ನ ಮುತ್ತೈದೆ ಮಾಡ್ಬಿಟ್ಯಲ್ಲ!" ಶಾಲಿನಿ ಒರೆಸಿದಷ್ಟೂ ಅದು ಹರಡಿತು. ಕೇಳಲು ಅದು ಸಮಯವಲ್ಲ, ಆದರೂ ಕೇಳಿದೆ: "ನಾನೂ ಬರ್ಲೇನೇ ನೋಡಕ್ಕೆ?"

"ಯಾರ ಅಮ್ಮನೂ ಬರಲ್ಲ. ಪ್ಲೀಸ್."

ಅವತ್ತು ಸಂಜೆ ಇಸ್ತ್ರಿ ಮಾಡಿದ ಸೀರೆ ಪಕ್ಕದಲ್ಲಿಟ್ಟುಕೊಂಡು ಮಂಚದ ಮೇಲೆ ಕೂತಿದ್ದೆ, ಮನಸ್ಸು ಬದಲಾಯಿಸಿಯಾಳು ಎಂದು. ಅವಳು ಬುರುಡೆ ಮಡಚಿಕೊಂಡು ಹೊರಟೇಹೋದಳು. ವಾಪಸು ಬಂದವಳು, "ಅಮ್ಮಾ, ಎಲ್ಲರೂ ಅದನ್ನ ಗುಂಡು ಹೊಡೆದ ಗಾಯ ಅಂದ್ಕೊಂಡ್ರು. ಏಕ್‌ದಂ ಹಿಟ್!" ಅಂದಳು. ಬೆಡ್‌ಶೀಟನ್ನು ಯಾರೋ ಒಯ್ದಿದ್ದರು. ಫೋಟೊ ತೆಗೆದವರಿಲ್ಲ. ಗಿಟಾರ್ ಗೆಳತಿಯ ಮನೆ ಸೇರಿತು, ಶಾಲಿನಿ ಮತ್ತೆ ನುಡಿಸಲಿಲ್ಲ.

ಈಗ ನಾನು ಪವಾಯಿಯಲ್ಲಿ ಅವಳ ಮನೆಯಲ್ಲೇ ಇದ್ದೇನೆ. ಅವಳು ಕೇಳುವುದು ಕೊಳಲು, ಅದೂ ಕಿವಿಗೆ ವೈರ್ ಸಿಕ್ಕಿಸಿಕೊಂಡು. ಮೊನ್ನೆ ಒಂದೊಂದೇ ಅಕ್ಷರ ಒತ್ತಿ ಆ ಕ್ಯಾಸೆಟ್ಟಿನ ಹೆಸರು ಹುಡುಕಿದೆ. ಬಂತು ಬುರುಡೆ! ಅದೇ ಟೋಪಿ, ಅದೇ ಬೆಂಕಿ. ಹಲ್ಲು ಸರಿಯಾಗಿವೆ, ಹಣೆ ಮಾತ್ರ ಖಾಲಿ. ಬೆರಳು ಸುಮ್ಮನಿರಲಿಲ್ಲ, ಹೋಗಿ ಮುಟ್ಟಿತು. ಮುಟ್ಟಿದ್ದೇ ತಡ ಗಿಟಾರ್ ಶುರುವಾಯಿತು. ಅರ್ಧ ನಿಮಿಷ ನಾನು ಕುರ್ಲಾದ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದೆ. ಆಮೇಲೆ ಮೊಳೆ.

"ಅಮ್ಮಾ, ಆ ಗಲಾಟೆ ನಿಲ್ಸು!" ಒಳಗಿನಿಂದ ಶಾಲಿನಿ ಕೂಗಿದಳು. ಅರ್ಧ ನಿಮಿಷ ಮುಗಿಯುವ ತನಕ ಅವಳೂ ಕೂಗಿರಲಿಲ್ಲ.

"ನಿಲ್ಸೋದು ಹೇಗೆ ಅಂತ ಗೊತ್ತಿಲ್ಲ ಕಣೇ, ನೀನೇ ಬಾ," ಅಂದೆ.

ಗೊತ್ತಿತ್ತು.