ಹುಲ್ಲುಹಾಸಿಗೆ ಮೊದಲ ನೀರು

ನಾಗಪುರ, ಮೇ ೧೯೮೬

ಊಳಿಗಮಾನ್ಯ ಪದ್ಧತಿಯವರ ದಿವ್ಯ ಸನ್ನಿಧಿಗೆ,

ಮಾನ್ಯರೇ,

ಸರಕಾರಿ ಕಾರ್ಖಾನೆಯ ಕಾಲೊನಿಯಲ್ಲಿ ಕೈಗೂಸಿನೊಡನೆ ವಾಸಿಸುವ, ನಿದ್ದೆಗೆಟ್ಟ ಗೃಹಿಣಿಯಾದ ನಾನು ಮೊದಲಿಗೆ ತಮ್ಮ ಕ್ಷಮೆ ಕೋರಬೇಕು. ಧಾರವಾಡದಲ್ಲಿ ಬಿ.ಎ. ಓದುವಾಗ, ನಗದು ಕೂಲಿ, ಕಾರ್ಖಾನೆ ಮತ್ತು ಮತದಾನ ಬಂದದ್ದರಿಂದ ತಾವು ತೀರಿಕೊಂಡಿರೆಂದು ಪುಟಗಟ್ಟಲೆ ಬರೆದು ಪ್ರಥಮ ದರ್ಜೆ ಪಡೆದೆ. ಆಮೇಲೆ ಕಾರ್ಖಾನೆಯ ನೌಕರರೊಬ್ಬರನ್ನೇ ಮದುವೆಯಾಗಿ ಇಲ್ಲಿಗೆ ಬಂದು ನೋಡಿದರೆ, ತಾವು ಕುದುರೆಯಿಂದಿಳಿದು ಅಂಬಾಸಡರ್ ಹತ್ತಿ, ಒಂದನೇ ನಂಬರಿನ ಬಂಗಲೆಯಲ್ಲಿ ಸುಖವಾಗಿದ್ದೀರಿ. ಆರೋಗ್ಯವೂ ಚೆನ್ನಾಗಿದ್ದಂತೆ ಕಾಣುತ್ತದೆ.

ನನ್ನ ಅಹವಾಲು ಚಿಕ್ಕದು. ಈ ಬಿಸಿಲಿನಲ್ಲಿ ಕೂಲರಿಗೆ ನೀರು ಹಾಕದಿದ್ದರೆ ನಮ್ಮ ನೀಲಾ ಮಲಗುವುದಿಲ್ಲ. ಮೈತುಂಬ ಬೆವರುಸಾಲೆ, ಅತ್ತು ಅತ್ತು ಗಂಟಲು ಕಟ್ಟಿದೆ. ಕಾಲೊನಿಯ ಟ್ಯಾಂಕಿನ ನೀರು ಮಾತ್ರ ಮೊದಲು ಆ ಒಂದನೇ ನಂಬರಿನ, ಕಾರ್ಖಾನೆಯ ದೊಡ್ಡ ಸಾಹೇಬರ ಬಂಗಲೆಯ ಹುಲ್ಲುಹಾಸಿಗೆ ಹೋಗುತ್ತದೆ, ಉಳಿದರೆ ನಮಗೆ. ವಾಲ್ವ್ ತಿರುಗಿಸುವ ಯಲ್ಲಪ್ಪ ನಮ್ಮ ಬಾಗಲಕೋಟೆ ಕಡೆಯವನೇ ಎಂಬ ಸಲುಗೆಯಿಂದ, ಒಂದು ದಿನ ನಮ್ಮ ಸಾಲಿಗೆ ಮೊದಲು ಬಿಡಪ್ಪಾ ಎಂದು ಕೇಳಿದೆ. “ಹುಲ್ಲು ಒಣಗಿದ್ರ ನನ್ನ ನೌಕರಿ ಹೋಗ್ತದ್ರಿ ಬಾಯಾರ,” ಎಂದ, “ಕೂಸು ಅತ್ತರ ಯಾರದೂ ಹೋಗೂದಿಲ್ಲ.” ನನ್ನ ಪುಟಗಟ್ಟಲೆ ಉತ್ತರದಲ್ಲಿ ಈ ಮಾತು ಎಲ್ಲೂ ಇರಲಿಲ್ಲ.

ದೂರು ಬರೆಯುತ್ತೇನೆಂದಾಗ ಯಜಮಾನರಾದ ವ್ಯಾಸರಾಜರು, ಬಡ್ತಿಯ ಸಮಯ, ಸುಮ್ಮನಿರು ಎಂದು ಕೈಮುಗಿಯುವುದೊಂದು ಬಾಕಿ. ಆದ್ದರಿಂದ ಗಂಡಂದಿರ ಹುದ್ದೆಯ ಪ್ರಕಾರವೇ ಕುರ್ಚಿ ಹಾಕುವ ನಮ್ಮ ಮಹಿಳಾ ಮಂಡಳದಲ್ಲಿ, ಕೊನೆಯ ಸಾಲಿನಿಂದ ಎದ್ದು, ಸಾಹೇಬರ ಪತ್ನಿಯವರಲ್ಲಿ ಬಾಯಿಮಾತಿನಲ್ಲೇ ವಿನಂತಿಸಿದೆ. ಅವರ ಕಣ್ಣಲ್ಲಿ ನೀರೇ ಬಂತು. ನಮ್ಮ ನಲ್ಲಿಗಂತೂ ಬರಲಿಲ್ಲ. ಮಗುವನ್ನು ಮಧ್ಯಾಹ್ನ ಬಂಗಲೆಗೇ ತಂದು ಮಲಗಿಸು, ಹೇಗೂ ಬರುತ್ತೀಯಲ್ಲ, ನಮ್ಮಲ್ಲಿಯ ಪಾರ್ಟಿಗೆ ನಿನ್ನ ಕೈಯ ಹೋಳಿಗೆಯೂ ಆಗಲಿ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಬಿಟ್ಟಿ ಚಾಕರಿಗೆ ಇಷ್ಟು ಮುತುವರ್ಜಿಯಿಂದ ಆಹ್ವಾನ ಕೊಡುವುದನ್ನು ತಾವು ಯಾವ ಶತಮಾನದಲ್ಲಿ ಕಲಿತಿರಿ? ಹಿಂದೆಲ್ಲ ಚಾವಟಿ ಹಿಡಿದ ಆಳೊಬ್ಬ ಬೇಕಾಗುತ್ತಿತ್ತಂತೆ.

ಹೋದೆ. ಅವರ ಅಡುಗೆಮನೆಯಲ್ಲಿ ನಾನು ಹೂರಣ ರುಬ್ಬುತ್ತಿದ್ದರೆ, ಕಿಟಕಿಗೆ ಕಟ್ಟಿದ ಒದ್ದೆ ಲಾವಂಚದ ತಟ್ಟಿಯ ತಂಪಿನಲ್ಲಿ ನೀಲಾ ಎಂಥ ನಿದ್ದೆ ಮಾಡಿದಳೆಂದರೆ, ಎತ್ತಿಕೊಂಡು ಬರಲು ಮನಸ್ಸಾಗಲಿಲ್ಲ. ಮಾನ್ಯರೇ, ತಮ್ಮ ಮೇಲೆ ನನಗೆ ಅತಿ ಹೆಚ್ಚು ಸಿಟ್ಟು ಬಂದದ್ದು ಆ ಗಳಿಗೆಯಲ್ಲಿ.

ಆದಕಾರಣ ತಾವು ದೊಡ್ಡ ಮನಸ್ಸು ಮಾಡಿ ನನ್ನ ಮಗಳನ್ನು ಮನುಷ್ಯ ವರ್ಗದಿಂದ ಹುಲ್ಲಿನ ವರ್ಗಕ್ಕೆ ವರ್ಗಾಯಿಸಬೇಕು. ಬೇಕಾದರೆ ಅವಳ ಕೂದಲನ್ನು ವಾರಕ್ಕೊಮ್ಮೆ ಸಮನಾಗಿ ಕತ್ತರಿಸಿಕೊಡುತ್ತೇನೆ. ಅದು ನಿಯಮಕ್ಕೆ ವಿರುದ್ಧವಾದರೆ, ತಾವು ನಿಜವಾಗಿಯೂ ಒಮ್ಮೆ ಸತ್ತು ತೋರಿಸಬೇಕು. ನನ್ನ ಅಂಕಗಳ ಮರ್ಯಾದೆಯಾದರೂ ಉಳಿದೀತು.

ತಮ್ಮ ಮರಣವಾರ್ತೆಯಿಂದ ಪದವಿ ಪಡೆದ
ತಮ್ಮ ವಿಶ್ವಾಸಿ,
ವಸುಧಾ

ತಾ.ಕ.: ಯಜಮಾನರಿಗೆ ಬಡ್ತಿ ಬಂದಿದೆ, ಮುಂದಿನ ತಿಂಗಳು ಸಣ್ಣದೊಂದು ಬಂಗಲೆ. ಅಲ್ಲಿನ ತೋಟಕ್ಕೆಂದು ಅವರು ಇಂದು ಬೆಳಿಗ್ಗೆಯೇ ಕುಂಡದಲ್ಲಿ ಗುಲಾಬಿ ಕಡ್ಡಿ ನೆಟ್ಟು, ನಲ್ಲಿಯಲ್ಲಿ ನೀರಿಲ್ಲದ್ದರಿಂದ ನೀಲಾಳ ಕೂಲರಿನಿಂದ ಒಂದು ಚೊಂಬು ತೆಗೆದು ಹಾಕಿದರು. ಅವರು ಆಫೀಸಿಗೆ ಹೋದದ್ದೇ ಕಡ್ಡಿಯನ್ನು ಕಿತ್ತೆಸೆದಿದ್ದೇನೆ. ಬಿಸಿಲಿಗೆ ಒಣಗಿತು ಎಂದು ಹೇಳುವವಳಿದ್ದೇನೆ. ನಿಜ ತಿಳಿಸಬೇಕೆನಿಸಿದರೆ ತಾವೇ ತಿಳಿಸಬಹುದು, ಹೇಗೂ ಈಗ ನಮ್ಮ ಮನೆಯಲ್ಲೇ ಇದ್ದೀರಲ್ಲ.